ಡಿಫೆಂಡರ್ ಸಾಕಾ, ಕ್ವಿಕ್ ಹೀಲ್ ತಗೋಬೇಕಾ?

ಮನೆ ಕಂಪ್ಯೂಟರ್‌ಗೆ ಯಾವ ಆಂಟಿವೈರಸ್ ಅಂತ ಕೇಳಿದ್ರಲ್ಲ, ಖರ್ಚಿಂದಾನೇ ಶುರು ಮಾಡೋಣ. ವಿಂಡೋಸ್ 10, 11ರಲ್ಲಿ ಮೈಕ್ರೋಸಾಫ್ಟ್‌ದೇ ಆಂಟಿವೈರಸ್ ಡಿಫೆಂಡರ್ ಮೊದಲೇ ಇರುತ್ತೆ, ಒಂದು ಪೈಸೆನೂ ಕೊಡ್ಬೇಕಾಗಿಲ್ಲ. ಕ್ವಿಕ್ ಹೀಲ್ ಪುಣೆ ಕಂಪನಿದು, ಲೈಸೆನ್ಸ್ ಮುಗಿದಾಗೆಲ್ಲ ಮತ್ತೆ ದುಡ್ಡು ಕಟ್ಟಿ ರಿನ್ಯೂ ಮಾಡಿಸ್ಬೇಕು, ಅದನ್ನ ಮರೆತ್ರೆ ಅಪ್‌ಡೇಟ್ ನಿಂತೋಗುತ್ತೆ.

ಸಿಸ್ಟಮ್ ಹಳೇದು, ರ‍್ಯಾಮ್ 4 ಜಿಬಿ ಅಷ್ಟೇ ಅಂದ್ರೆ ಡಿಫೆಂಡರಲ್ಲೇ ಇರಿ, ಹೊಸದೊಂದು ಹಾಕಿ ಇನ್ನೂ ಸ್ಲೋ ಮಾಡ್ಕೋಬೇಡಿ.

ರಕ್ಷಣೆ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಡಿಫೆಂಡರ್ ಹೊಸ ಫೈಲ್ ಬಂದಾಗ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸರ್ವರ್, ಅಂದ್ರೆ ಕ್ಲೌಡ್‌ನಲ್ಲೂ ವಿಚಾರಿಸುತ್ತೆ, ಅದಕ್ಕೆ ನೆಟ್ ಇದ್ರೇನೇ ಅದರ ಪೂರ್ತಿ ಶಕ್ತಿ ಸಿಗೋದು, ಮತ್ತೆ ಫೈಲ್‌ಗಳನ್ನ ಲಾಕ್ ಮಾಡಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್‌ನಿಂದ ಫೋಟೋ, ಡಾಕ್ಯುಮೆಂಟ್ ಫೋಲ್ಡರ್ ಕಾಯೋ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಸಾಮಾನ್ಯವಾಗಿ ಆಫ್ ಇರುತ್ತೆ, ವಿಂಡೋಸ್ ಸೆಕ್ಯುರಿಟಿಗೆ ಹೋಗಿ ನೀವೇ ಆನ್ ಮಾಡ್ಬೇಕು. ಜೆರಾಕ್ಸ್ ಅಂಗಡಿ ಪೆನ್‌ಡ್ರೈವ್ ದಿನಾ ಬರೋ ಮನೆ, ನೆಟ್ ಸರಿಯಾಗಿ ಸಿಗಲ್ಲ, ಮಕ್ಕಳ ಕೈಗೂ ಸಿಸ್ಟಮ್ ಹೋಗುತ್ತೆ ಅಂದ್ರೆ ಕ್ವಿಕ್ ಹೀಲ್ ಟೋಟಲ್ ಸೆಕ್ಯುರಿಟಿಗೆ ಕೊಡೋ ದುಡ್ಡಿಗೆ ಅರ್ಥ ಇದೆ, ಪೇರೆಂಟಲ್ ಕಂಟ್ರೋಲ್, ಯುಎಸ್‌ಬಿ ಸ್ಕ್ಯಾನ್ ಒಟ್ಟಿಗೇ ಸಿಗುತ್ತೆ. ಬರೀ ಬ್ಯಾಂಕಿಂಗು, ಯೂಟ್ಯೂಬು ನೋಡೋರಿಗೆ ಅಷ್ಟೆಲ್ಲ ಬೇಡ.

ಎರಡನ್ನೂ ಜೊತೆಗೆ ಓಡಿಸೋಕೆ ಹೋಗ್ಬೇಡಿ, ಇನ್ನೊಂದು ಹಾಕಿದ್ರೆ ಡಿಫೆಂಡರ್ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತೆ. ಕ್ರ್ಯಾಕ್ ಮಾಡಿದ ಆಂಟಿವೈರಸ್ ಅಂತೂ ದಯವಿಟ್ಟು ಬೇಡ, ಅದ್ರಲ್ಲೇ ವೈರಸ್ ಇರ್ಬೋದು.

ವಿಂಡೋಸ್ 10ಗೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಅಂದ್ರೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ, ಆ ತೂತನ್ನ ಯಾವ ಆಂಟಿವೈರಸ್ಸೂ ಪೂರ್ತಿ ಮುಚ್ಚಲ್ಲ, ಹಾಗಾಗಿ ನಿಮ್ಮ ಸಿಸ್ಟಮ್‌ನಲ್ಲಿ ವಿಂಡೋಸ್ 11 ಓಡುತ್ತೆ ಅಂದ್ರೆ ಮೊದಲು ಅದಕ್ಕೆ ಹೋಗಿ.