ಮನೆಯಲ್ಲಿ ಬಿಯರ್ ಮಾಡುವ ಸಲಕರಣೆಗಳು: ದೀರ್ಘ ಬಳಕೆಯಲ್ಲಿ ಉಳಿದವು, ಮೂಲೆ ಸೇರಿದವು

ಬಿಯರ್ ಕೆಡುವುದು ಬಹುಪಾಲು ಒಲೆಯಿಂದ ಇಳಿಸಿದ ಮೇಲೆ. ಕುದಿಯುವಾಗ ವರ್ಟ್ ಅನ್ನು (ಮೊಳಕೆ ಬರಿಸಿ ಒಣಗಿಸಿದ ಧಾನ್ಯವಾದ ಮಾಲ್ಟಿನಿಂದ ತೆಗೆದ ಸಿಹಿ ರಸ) ಹಾಳುಮಾಡುವಂಥ ಜೀವಿಗಳು ಉಳಿಯುವುದಿಲ್ಲ. ಅದು ತಣಿಯಲು ಶುರುವಾದಾಗಿನಿಂದ ಬಾಟಲಿಗೆ ಮುಚ್ಚಳ ಬೀಳುವವರೆಗೆ ಮಾತ್ರ ಸೋಂಕು, ತಪ್ಪು ತಾಪಮಾನ, ಆಮ್ಲಜನಕ ಈ ಮೂರೂ ಹೊಂಚು ಹಾಕುತ್ತಿರುತ್ತವೆ. ಹೊಸಬರ ದುಡ್ಡು ಹೋಗುವುದು ಮಾತ್ರ ವರ್ಟ್ ಕುದಿಸುವ ಹೊಳೆಯುವ ಕೆಟಲ್‌ಗೆ, ಪಂಪಿಗೆ. ಈ ವಿಮರ್ಶೆ ಆ ಕ್ರಮವನ್ನು ತಿರುಗಿಸಿ ಇಟ್ಟಿದೆ. ಲೆಕ್ಕವೆಲ್ಲ 20 ಲೀಟರ್ ಬ್ಯಾಚಿನದು. ಸಲಕರಣೆಯನ್ನು ತೂಗಿದ್ದು ಎರಡೇ ಪ್ರಶ್ನೆಗಳಿಂದ: ಪ್ರತಿ ಬ್ಯಾಚಿಗೂ ಅದು ಬೇಕಾಗುತ್ತದೆಯೇ, ಪೂರ್ತಿ ಬಿಚ್ಚಿ ತೊಳೆಯಲು ಬರುತ್ತದೆಯೇ.

ಮೊದಲ ಸ್ಥಾನ ತಾಪಮಾನ ನಿಯಂತ್ರಕಕ್ಕೆ, ಯಾವ ಅನುಮಾನವೂ ಇಲ್ಲದೆ. ಹುದುಗು ಜೋರಾಗಿ ನಡೆಯುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. ಕೋಣೆ 22 ಡಿಗ್ರಿ ಇದ್ದರೆ ಫರ್ಮೆಂಟರ್ (ಹುದುಗು ನಡೆಯುವ ಪಾತ್ರೆ) ಒಳಗೆ 25–27 ಆಗುವುದು ಮಾಮೂಲು. ಏಲ್ ಎಂಬ ಬಗೆಯ ಬಿಯರಿನ ಸಾಮಾನ್ಯ ಯೀಸ್ಟ್‌ಗೆ ಬೇಕಾದದ್ದು 18–20. ಮೊದಲ ಮೂರು ದಿನ ಇದು ಮೀರಿದರೆ ಗಂಟಲಿಗೆ ಸುಡುವಂಥ ಆಲ್ಕೋಹಾಲ್‌ಗಳು ಹುಟ್ಟುತ್ತವೆ, ಆಮೇಲೆ ಎಷ್ಟು ತಣ್ಣಗಿಟ್ಟರೂ ಅವು ಹೋಗುವುದಿಲ್ಲ. ಇಂಕ್‌ಬರ್ಡ್ ಐಟಿಸಿ-308 ಥರದ ಎರಡು ಸಾಕೆಟ್ಟಿನ ನಿಯಂತ್ರಕ ಇಲ್ಲಿ ಸಾಕೋ ಸಾಕು. ಒಂದು ಸಾಕೆಟ್ಟಿಗೆ ಹಳೆಯ ಫ್ರಿಜ್, ಇನ್ನೊಂದಕ್ಕೆ ಬಿಸಿ ಮಾಡುವ ಪಟ್ಟಿ. 19 ಡಿಗ್ರಿಗೆ ಇಟ್ಟು, ಏರಿಳಿತದ ಮಿತಿ 0.5, ಕಂಪ್ರೆಸರ್ ಮತ್ತೆ ಶುರುವಾಗುವ ಮುಂಚಿನ ಬಿಡುವು 5 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನೋಡಿಕೊಳ್ಳಬೇಕು. ಬಿಡುವು ಕಡಿಮೆಯಾದರೆ ಮೊದಲು ಸಾಯುವುದು ಫ್ರಿಜ್ಜಿನ ಕಂಪ್ರೆಸರ್.

ಆದರೆ ಈ ಯಂತ್ರದ ಬುದ್ಧಿಯೆಲ್ಲ ಅದರ ಸೆನ್ಸರ್ ತುದಿಯಲ್ಲಿದೆ. ತುದಿಯನ್ನು ಫರ್ಮೆಂಟರ್ ಗೋಡೆಗೆ, ದ್ರವದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಒತ್ತಿಟ್ಟು, ಮೇಲೆ ಎರಡು ಬೆರಳು ದಪ್ಪದ ಸ್ಪಂಜು ಮುಚ್ಚಿ ಟೇಪ್ ಸುತ್ತಬೇಕು. ಗಾಳಿಯಲ್ಲಿ ನೇತುಬಿಟ್ಟರೆ ಅದು ಫ್ರಿಜ್ಜಿನ ಗಾಳಿಯನ್ನು ಅಳೆಯುತ್ತದೆ. ಗಾಳಿ ಬೇಗ ತಣಿಯುತ್ತದೆ, ಫ್ರಿಜ್ ನಿಲ್ಲುತ್ತದೆ, ಬಿಯರ್ ಮಾತ್ರ ಮೂರು ನಾಲ್ಕು ಡಿಗ್ರಿ ಮೇಲೆಯೇ ಇರುತ್ತದೆ. ಅಂಟು ಬಿಟ್ಟು ಸೆನ್ಸರ್ ಜಾರಿ, ಬಿಸಿಪಟ್ಟಿಯೂ ಜೋಡಿಸಿದ್ದರೆ ಇನ್ನೂ ಕೆಟ್ಟದು: ತಣ್ಣನೆಯ ಗಾಳಿಯನ್ನು ಬಿಯರ್ ಎಂದು ತಿಳಿದು ಪಟ್ಟಿ ನಿಲ್ಲದೆ ಕಾಯಿಸುತ್ತದೆ. ಸೆನ್ಸರ್ ವೈರು ಬಾಗಿಲ ಸಂದಿಯಲ್ಲಿ ಜಜ್ಜಿಹೋಗುವುದೂ ಉಂಟು. ಕೆಲವು ತಿಂಗಳಿಗೊಮ್ಮೆ ಪುಡಿ ಐಸು ತುಂಬಿದ ನೀರಿನಲ್ಲಿ ಅದ್ದಿ 0 ತೋರಿಸುತ್ತದೆಯೇ ನೋಡಿ, ತೋರಿಸದಿದ್ದರೆ ಮೆನುವಿನಲ್ಲಿ ತಿದ್ದಿಬಿಡಿ. ಮುಚ್ಚಿದ ಫ್ರಿಜ್ಜಿನೊಳಗೆ ತೇವ ಕೂತು ಬೂಷ್ಟು ಹಿಡಿಯುತ್ತದೆ, ತೇವ ಹೀರುವ ಪುಡಿಯ ಡಬ್ಬಿಯೊಂದು ಒಳಗಿರಲಿ. ಫ್ರಿಜ್ಜೇ ಇಲ್ಲದವರಿಗೆ ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ಫರ್ಮೆಂಟರ್ ಇಟ್ಟು ಹೆಪ್ಪುಗಟ್ಟಿದ ನೀರಿನ ಬಾಟಲಿಗಳನ್ನು ಬೆಳಿಗ್ಗೆ ಸಂಜೆ ಬದಲಿಸುವ ದಾರಿ ಇದೆ. ಮೊದಲ ಮೂರು ನಾಲ್ಕು ದಿನ ಶ್ರದ್ಧೆಯಿಂದ ಮಾಡಿದರೆ ಫಲ ಚೆನ್ನಾಗಿಯೇ ಬರುತ್ತದೆ.

ಎರಡನೆಯದು ಸ್ವಚ್ಛತೆಯ ಜೋಡಿ. ತೊಳೆಯುವುದು ಬೇರೆ, ಸ್ಯಾನಿಟೈಜ್ ಮಾಡುವುದು ಬೇರೆ. ಕೊಳೆಯ ಮೇಲೆ ಸ್ಯಾನಿಟೈಜರ್ ಕೆಲಸ ಮಾಡುವುದಿಲ್ಲ. ತೊಳೆಯಲು ಸೋಡಿಯಂ ಪರ್ಕಾರ್ಬೊನೇಟ್, ಲೀಟರಿಗೆ ಸುಮಾರು 5 ಗ್ರಾಂ, 50–60 ಡಿಗ್ರಿ ಬಿಸಿನೀರಿನಲ್ಲಿ. ಅರ್ಧ ಗಂಟೆ ನೆನೆದರೆ ಒಣಗಿ ಹಿಡಿದ ನೊರೆಯ ಉಂಗುರವೂ ಉಜ್ಜದೆ ಬಿಡುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ಕಪ್ಪಾಗುತ್ತದೆ. ಆಮೇಲೆ ಸ್ಟಾರ್ ಸ್ಯಾನ್ ಜಾತಿಯ ಆಮ್ಲದ ಸ್ಯಾನಿಟೈಜರ್, ಲೀಟರಿಗೆ ಒಂದೂವರೆ ಮಿಲಿಲೀಟರ್. ಮೇಲ್ಮೈ ಒಂದೆರಡು ನಿಮಿಷ ಒದ್ದೆಯಾಗಿದ್ದರೆ ಸಾಕು, ಮತ್ತೆ ತೊಳೆಯಬಾರದು. ಒಳಗೆ ಉಳಿದ ನೊರೆಯಿಂದ ಬಿಯರಿಗೆ ತೊಂದರೆಯಿಲ್ಲ. ಗಡಸು ನೀರಿನಲ್ಲಿ ಇದು ಬೇಗ ಬೆಳ್ಳಗೆ ಕದಡಿ ಬಲ ಕಳೆದುಕೊಳ್ಳುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಕಲಸಿದರೆ ವಾರಗಟ್ಟಲೆ ಇರುತ್ತದೆ. ಪಿಎಚ್ 3ರ ಆಸುಪಾಸಿನಿಂದ ಮೇಲೇರಿದರೆ ಚೆಲ್ಲಿಬಿಡಿ. ಬಕೆಟ್ಟುಗಟ್ಟಲೆ ಕಲಸುವ ಅಗತ್ಯವೂ ಇಲ್ಲ: ಒಂದು ಲೀಟರಿನ ಸ್ಪ್ರೇ ಬಾಟಲಿ ಇಡೀ ಬಾಟ್ಲಿಂಗ್ ದಿನವನ್ನು ದಾಟಿಸುತ್ತದೆ. ಇಡೀ ಪಟ್ಟಿಯಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಕೈಗೆ ಬರುವ ವಸ್ತು ಅದೇ. ಕ್ಲೋರಿನ್ ಬ್ಲೀಚ್‌ನ ಸಹವಾಸ ಬೇಡ. ಸ್ವಲ್ಪ ಉಳಿದರೂ ಮಾಲ್ಟಿನ ಫೀನಾಲ್‌ಗಳ ಜೊತೆ ಸೇರಿ ಆಸ್ಪತ್ರೆಯ ಬ್ಯಾಂಡೇಜಿನಂಥ ವಾಸನೆ ಕೊಡುತ್ತದೆ, ಸ್ಟೀಲನ್ನು ಕೊರೆಯುತ್ತದೆ, ಆಮ್ಲದ ಸ್ಯಾನಿಟೈಜರ್ ಜೊತೆ ಬೆರೆತರೆ ವಿಷದ ಕ್ಲೋರಿನ್ ಅನಿಲ ಬಿಡುತ್ತದೆ.

ದ್ರವದ ಸಾಂದ್ರತೆ ಅಳೆಯುವ ಗಾಜಿನ ಹೈಡ್ರೋಮೀಟರ್ ಇಲ್ಲದೆ ಬಾಟಲಿ ತುಂಬುವುದು ಅಪಾಯದ ಕೆಲಸ. ಏರ್‌ಲಾಕ್ (ಗ್ಯಾಸನ್ನು ದ್ರವದ ಮೂಲಕ ಹೊರಬಿಡುವ, ಮುಚ್ಚಳಕ್ಕೆ ಕೂರಿಸಿದ ಚಿಕ್ಕ ಸಾಧನ) ಗುಳುಗುಳು ನಿಂತ ಮಾತ್ರಕ್ಕೆ ಹುದುಗು ಮುಗಿದಿದೆ ಎನ್ನಲಾಗದು. ಮುಚ್ಚಳದ ಸಂದಿಯಿಂದ ಗಾಳಿ ಸೋರಿದರೂ ಅದು ನಿಲ್ಲುತ್ತದೆ. ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಒಂದೇ ಇದ್ದರೆ ಮುಗಿದಂತೆ. ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) ಇನ್ನು 0.004 ಇಳಿಯಲು ಬಾಕಿ ಇರುವಾಗ ಬಾಟಲಿಗೆ ಹಾಕಿದರೆ ಬಾಟಲಿ ತುಂಬುವಾಗ ಹಾಕುವ ಸಕ್ಕರೆಯಿಂದ ಬರುವುದರ ಮೇಲೆ ಇನ್ನೂ ಸುಮಾರು ಎರಡು ವಾಲ್ಯೂಮ್ (ಬಿಯರಿನ ಎರಡರಷ್ಟು ಗಾತ್ರದ) ಗ್ಯಾಸು ಸೇರುತ್ತದೆ. ಸಾಮಾನ್ಯ ಬಿಯರ್ ಬಾಟಲಿ ಅದನ್ನು ತಡೆಯುವುದಿಲ್ಲ, ಒಡೆದು ಗಾಜು ಸಿಡಿಯುತ್ತದೆ.

ಅಳೆಯುವಾಗ ಕೊಳವೆಯಲ್ಲಿ ಹೈಡ್ರೋಮೀಟರನ್ನು ಒಮ್ಮೆ ಬುಗುರಿ ಹಾಗೆ ತಿರುಗಿಸಿಬಿಡಿ. ಗುಳ್ಳೆಗಳು ಅಂಟಿಕೊಂಡಿದ್ದರೆ ಅದನ್ನು ಮೇಲೆತ್ತಿ ಹೆಚ್ಚು ತೋರಿಸುತ್ತವೆ. 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ 30 ಡಿಗ್ರಿ ದ್ರವದಲ್ಲಿ ಸುಮಾರು 0.0025, 40ರಲ್ಲಿ 0.006 ಕಡಿಮೆ ತೋರಿಸುತ್ತದೆ. ಅದಕ್ಕಿಂತ ಬಿಸಿಯಿದ್ದಾಗ ಲೆಕ್ಕ ಹಾಕುವ ಬದಲು ತಣಿಸಿಯೇ ಅಳೆಯುವುದು ವಾಸಿ. ಕೊಂಡ ದಿನವೇ 20 ಡಿಗ್ರಿಯ ಡಿಸ್ಟಿಲ್ಡ್ ನೀರಿನಲ್ಲಿ ಪರೀಕ್ಷಿಸಿ: 1.000 ಬರಬೇಕು. 1.002 ಬಂದರೆ ಒಳಗಿನ ಕಾಗದದ ಪಟ್ಟಿ ಜಾರಿದೆ. ಎಸೆಯಬೇಕಿಲ್ಲ, ಪ್ರತಿ ಸಲ 0.002 ಕಳೆದರಾಯಿತು. ಆಲ್ಕೋಹಾಲಿನ ಲೆಕ್ಕ ಸುಲಭ. ಆರಂಭದ್ದು 1.050, ಕೊನೆಯದು 1.010 ಇದ್ದರೆ ವ್ಯತ್ಯಾಸ 0.040, ಅದನ್ನು 131.25ರಿಂದ ಗುಣಿಸಿದರೆ ಶೇ 5.25. ಒಂದೇ ದೋಷವೆಂದರೆ ಇದು ಒಡೆಯುವ ವಸ್ತು. ಎರಡು ಇಟ್ಟುಕೊಳ್ಳಿ.

ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಕುದಿಯ ದಿನ ಮಾತ್ರ ಒಳ್ಳೆಯದು, ಎರಡು ಹನಿ ಸಾಕು. ಆಲ್ಕೋಹಾಲ್ ಹುಟ್ಟಿದ ಮೇಲೆ ಅದರ ಓದನ್ನು ಹಾಗೇ ನಂಬಬಾರದು: 1.050ರಿಂದ 1.010ಕ್ಕೆ ಇಳಿದ ಬಿಯರಿನಲ್ಲೂ 6 ಬ್ರಿಕ್ಸ್ (ಶೇಕಡಾವಾರು ಸಕ್ಕರೆಯ ಅಳತೆ) ಆಸುಪಾಸು ತೋರಿಸಿ ಹುದುಗು ಅರ್ಧಕ್ಕೇ ನಿಂತಿತೆಂಬ ಗಾಬರಿ ಹುಟ್ಟಿಸುತ್ತದೆ.

ಇನ್ನು ಕುದಿದ ವರ್ಟ್ ತಣಿಸುವ ಚಿಲ್ಲರ್. ಒಳಗೆ ನಲ್ಲಿ ನೀರು ಹರಿಯುವ, ವರ್ಟ್‌ನಲ್ಲಿ ಮುಳುಗಿಸುವ ತಾಮ್ರದ ಸುರುಳಿ, ಸುಮಾರು 10 ಮಿಲಿಮೀಟರ್ ಹೊರವ್ಯಾಸ, 7.5 ಮೀಟರ್ ಉದ್ದ. ಹೊಸದನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಕುದಿಸಿದರೆ ತಯಾರಿಕೆಯ ಎಣ್ಣೆ ಹೋಗುತ್ತದೆ. ಕುದಿಯ ಕೊನೆಯ 15 ನಿಮಿಷ ಕೆಟಲ್ ಒಳಗೆ ಬಿಟ್ಟರೆ ತಾನೇ ಶುದ್ಧವಾಗುತ್ತದೆ. ಆಮ್ಲದ ಸ್ಯಾನಿಟೈಜರಿನಲ್ಲಿ ನೆನೆಹಾಕಬೇಡಿ, ತಾಮ್ರ ಕರಗುತ್ತದೆ. ತಾಮ್ರವೋ ಸ್ಟೀಲೋ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಶಾಖ ಸಾಗಿಸುವುದರಲ್ಲಿ ತಾಮ್ರ ಎಷ್ಟೋ ಪಟ್ಟು ಮುಂದಿರುವುದು ನಿಜ, ಆದರೆ ಕೊಳವೆಯ ಗೋಡೆ ತೆಳು. ವೇಗ ನಿರ್ಧಾರವಾಗುವುದು ನಲ್ಲಿ ನೀರಿನ ತಂಪಿನಿಂದ, ವರ್ಟ್ ಕದಡುವುದರಿಂದ. ಸುರುಳಿಯ ಸುತ್ತ ನಿಂತ ವರ್ಟ್ ತಣ್ಣನೆಯ ಪದರವಾಗಿ ಕೂತುಬಿಡುತ್ತದೆ, ಶುದ್ಧ ಸೌಟಿನಿಂದ ನಿಧಾನವಾಗಿ ಕದಡುತ್ತಿದ್ದರೆ ಸಮಯ ಬಹಳ ಉಳಿಯುತ್ತದೆ. ಮುಚ್ಚಳ ಹಾಕಿ ಗಂಟೆಗಟ್ಟಲೆ ತಾನಾಗಿ ತಣಿಯಲು ಬಿಟ್ಟರೆ, ಅದೂ ತಿಳಿ ಬಣ್ಣದ ಪಿಲ್ಸ್ನರ್ ಮಾಲ್ಟ್ ಆದರೆ, ಬೇಯಿಸಿದ ಜೋಳದ ವಾಸನೆ ಬರುವ ಸಾಧ್ಯತೆ ಇದೆ.

ಚಿಲ್ಲರಿನ ದೊಡ್ಡ ತೊಡಕು ಪೈಪಿನ ಜೋಡಣೆ. ಕ್ಲಾಂಪ್ ಬಳಿ ಸೋರಿದ ಹಸಿ ನೀರು ಕೆಟಲ್ ಒಳಕ್ಕೇ ತೊಟ್ಟಿಕ್ಕುತ್ತದೆ, ಶುದ್ಧ ವರ್ಟ್‌ಗೆ ಸೋಂಕು ತಗಲುವುದು ಹೀಗೆ. ಕೊಳುವಾಗಲೇ ಎರಡೂ ತುದಿಗಳು ಕೆಟಲ್ ಅಂಚು ದಾಟಿ ಹೊರಗೆ ಕೆಳಮುಖವಾಗಿ ಬಾಗಿರುವುದನ್ನು ಆರಿಸಿ. ನಲ್ಲಿ ನೀರೇ 27 ಡಿಗ್ರಿ ಮೇಲಿದ್ದರೆ 35–40ರವರೆಗೆ ಅದರಿಂದ ಇಳಿಸಿ, ಆಮೇಲೆ ಚಿಕ್ಕ ಮುಳುಗು ಪಂಪಿನಿಂದ ಐಸ್ ನೀರನ್ನು ಸುತ್ತಿಸಬೇಕು. ಮೊದಲಿನಿಂದಲೇ ಐಸು ಹಾಕಿದರೆ ಎಲ್ಲ ಕರಗಿ ವ್ಯರ್ಥ. ಮೊದಲು ಹೊರಬರುವ ಸುಡುನೀರನ್ನು ಪರ್ಕಾರ್ಬೊನೇಟ್ ಕಲಸಲು ಹಿಡಿದಿಡಿ.

ಫರ್ಮೆಂಟರ್ ವಿಷಯದಲ್ಲಿ 30 ಲೀಟರಿನ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಬಕೆಟ್ಟೇ ನನ್ನ ಮೆಚ್ಚಿನದು. ಅಗಲ ಬಾಯಿ, ಕೈ ಒಳಗೆ ಹೋಗುತ್ತದೆ, ಬಿದ್ದರೆ ಒಡೆಯುವುದಿಲ್ಲ. ಗಾಜಿನ ಜಾಡಿ ನೋಡಲು ಚೆಂದ, ಆದರೆ ಒದ್ದೆ ಕೈಯಲ್ಲಿ 20 ಲೀಟರ್ ಗಾಜು ಎತ್ತುವುದನ್ನು ಯಾರಿಗೂ ಹೇಳಲಾರೆ. ಬಕೆಟ್ಟಿಗೆ ನಾರು, ಬ್ರಷ್ಷು ಮುಟ್ಟಿಸಬಾರದು. ಗೀರಿನಲ್ಲಿ ಕೂತ ಬ್ಯಾಕ್ಟೀರಿಯಾಕ್ಕೆ ಯಾವ ಸ್ಯಾನಿಟೈಜರೂ ತಲುಪದು. ಗೀರು ಕಂಡ ಬಕೆಟ್ಟು ಮಾಲ್ಟ್ ಇಡಲು ಹೋಗಲಿ. ಪ್ಲಾಸ್ಟಿಕ್ ಮೂಲಕ ಆಮ್ಲಜನಕ ನಿಧಾನವಾಗಿ ಒಳ ಬರುವುದರಿಂದ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಬಿಯರ್ ಇಡುವ ಪಾತ್ರೆ ಇದಲ್ಲ. ಕೆಳಗಿನ ನಲ್ಲಿ ಅನುಕೂಲದ್ದು, ಸೋಂಕಿನ ಗೂಡೂ ಅದೇ. ಪ್ರತಿ ಬ್ಯಾಚಿನ ನಂತರ ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು ಒಳಗಿನ ತಿರುಗುವ ಭಾಗವನ್ನು ತಳ್ಳಿ ಹೊರತೆಗೆದು ನೋಡಿ. ಹೊರಗಿನಿಂದ ಫಳಫಳ ಹೊಳೆಯುವ ನಲ್ಲಿಯ ಒಳಗೂ ಲೋಳೆ ಇರುತ್ತದೆ. ಕಾರಣ ಗೊತ್ತಾಗದೆ ಮೇಲಿಂದ ಮೇಲೆ ಹುಳಿಯಾಗುತ್ತಿದ್ದರೆ ಮೊದಲು ಹುಡುಕಬೇಕಾದ ಜಾಗ ಅದು.

ಏರ್‌ಲಾಕ್ ಬಗ್ಗೆ ಒಂದು ಎಚ್ಚರಿಕೆ. ಬಿಯರನ್ನು 20ರಿಂದ 3 ಡಿಗ್ರಿಗೆ ಇಳಿಸುವಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಮೂರು ಭಾಗದ ಏರ್‌ಲಾಕ್ ತನ್ನ ದ್ರವವನ್ನೇ ಒಳಗೆ ಬಿಡುತ್ತದೆ. ಎಸ್ ಆಕಾರದ್ದು ದ್ರವ ಬಿಡದಿದ್ದರೂ ಗಾಳಿ ಬಿಡುತ್ತದೆ. ಹುದುಗು ಪೂರ್ತಿ ನಿಂತಿರುವುದು ಹೈಡ್ರೋಮೀಟರಿನಿಂದ ಖಚಿತವಾಗಿದ್ದರೆ, ತಣಿಸುವ ಮುನ್ನ ಏರ್‌ಲಾಕ್ ತೆಗೆದು ರಂಧ್ರ ಮುಚ್ಚಿಬಿಡಬಹುದು. ಜೋರು ಹುದುಗಿನ ಮೊದಲ ಮೂರು ದಿನ ಅದರ ಬದಲು 12 ಮಿಲಿಮೀಟರಿನ ಕೊಳವೆ ಹಾಕಿ ಸ್ಯಾನಿಟೈಜರ್ ಜಾಡಿಗೆ ಇಳಿಬಿಡಿ. ಕಿರಿದಾದ ರಂಧ್ರಕ್ಕೆ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಚೂರು ಸಿಕ್ಕಿಕೊಂಡರೆ ಮುಚ್ಚಳ ಹಾರುತ್ತದೆ.

ಬಾಟಲಿ ತುಂಬುವಾಗ ಅತಿ ಸಣ್ಣ ಸಾಧನವೇ ಅತಿ ದೊಡ್ಡ ಉಪಕಾರಿ: ತುದಿಯಲ್ಲಿ ಸ್ಪ್ರಿಂಗ್ ಇರುವ ತುಂಬುಕಡ್ಡಿ. ಬಕೆಟ್ಟಿನ ನಲ್ಲಿಗೆ ಬೆರಳುದ್ದದ ಸಿಲಿಕೋನ್ ಕೊಳವೆಯಿಂದ ಸಿಕ್ಕಿಸಿದರೆ ಬಾಟಲಿಯ ತಳದಿಂದ ಚಿಮ್ಮದೆ ತುಂಬುತ್ತದೆ, ಕಡ್ಡಿ ಎತ್ತಿದಾಗ ಬೇಕಾದ ಎರಡು ಮೂರು ಸೆಂಟಿಮೀಟರ್ ಜಾಗ ತಾನಾಗಿ ಉಳಿಯುತ್ತದೆ. ತೊಟ್ಟಿಕ್ಕಲು ಶುರುವಾದರೆ ತುದಿಯಲ್ಲಿ ಹಾಪ್ಸ್ ಸಿಕ್ಕಿದೆ ಎಂದೇ ಅರ್ಥ. ಪಿಸ್ಟನ್ ಸೈಫನ್ ನಲ್ಲಿ ಇಲ್ಲದ ಪಾತ್ರೆಗೆ ಮಾತ್ರ ಬೇಕು. ಅದರ ರಬ್ಬರ್ ಒಣಗಿದ್ದರೆ ಗಾಳಿಗುಳ್ಳೆ ಎಳೆದುಕೊಂಡು ಬಿಯರಿಗೆ ಒದ್ದೆ ರಟ್ಟಿನ ರುಚಿ ಹತ್ತುತ್ತದೆ, ಹಾಪ್ಸ್ ಹೆಚ್ಚಿರುವ ಬಿಯರ್ ಕಂದಾಗುತ್ತದೆ. ಬಿಸಿ ವರ್ಟ್ ಹರಿಸಿದರೆ ಅಕ್ರಿಲಿಕ್ ಕೊಳವೆ ಸೊಟ್ಟಗಾಗುತ್ತದೆ. ಮುಚ್ಚಳ ಒತ್ತಲು ಮೇಜಿನ ಮೇಲೆ ನಿಲ್ಲುವ ಕ್ಯಾಪರ್ ತೆಗೆದುಕೊಳ್ಳಿ; ಎರಡು ರೆಕ್ಕೆಯದು ಬಾಟಲಿ ಕುತ್ತಿಗೆಯ ಏಣನ್ನು ಹಿಡಿಯುವುದರಿಂದ ಕೆಲವು ಬಾಟಲಿಗಳ ಕುತ್ತಿಗೆಯನ್ನೇ ಮುರಿಯುತ್ತದೆ. 20 ಡಿಗ್ರಿಯಲ್ಲಿ ಹುದುಗಿದ 20 ಲೀಟರಿಗೆ 120–125 ಗ್ರಾಂ ಸಕ್ಕರೆ ಹಾಕಿದರೆ 2.4 ವಾಲ್ಯೂಮ್ ಗ್ಯಾಸು. ಅದನ್ನು ಕಾಲು ಲೀಟರ್ ನೀರಿನಲ್ಲಿ ಕುದಿಸಿ ತಣಿಸಿ, ಇನ್ನೊಂದು ಶುದ್ಧ ಬಕೆಟ್ಟಿನ ತಳಕ್ಕೆ ಮೊದಲು ಸುರಿದು, ಮೇಲೆ ಬಿಯರ್ ಹರಿಸಬೇಕು. ಇದಕ್ಕೆ, ನೀರಿನ ಲವಣಗಳಿಗೆ, ಹಾಪ್ಸ್‌ಗೆ 0.1 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಚಮಚದ ಲೆಕ್ಕ ನಂಬುವಂಥದ್ದಲ್ಲ.

ಒಲೆಯ ಕಡೆಯದನ್ನು ಬೇಗ ಮುಗಿಸಬಹುದು. 5 ಕಿಲೋ ಮಾಲ್ಟ್, 28 ಲೀಟರ್ ನೀರು ಒಟ್ಟಿಗೆ ಹಿಡಿಯಲು 40 ಲೀಟರಿನ ಪಾತ್ರೆ, ಮಾಲ್ಟ್ ತುಂಬಿ ಅದ್ದಲು ಪಾಲಿಯೆಸ್ಟರ್ ವಾಯಿಲ್ ಬಟ್ಟೆಯ ಚೀಲ, ಚೀಲ ತಳಕ್ಕೆ ತಾಗಿ ಸುಡದಂತೆ ಒಂದು ತೂತಿನ ತಟ್ಟೆ. ಇಷ್ಟರಿಂದ ಬರುವ ಬಿಯರಿಗೂ ಮೂರು ಪಾತ್ರೆ, ಎರಡು ಪಂಪಿನದಕ್ಕೂ ಲೋಟದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಪಾತ್ರೆಗೆ ಕೂರಿಸಿದ ಮುಳ್ಳಿನ ಥರ್ಮಾಮೀಟರ್ ಆ ಒಂದು ಜಾಗದ ಬಿಸಿ ಮಾತ್ರ ಹೇಳುತ್ತದೆ. ಮ್ಯಾಶ್ (ಬಿಸಿನೀರಿನಲ್ಲಿ ನೆನೆಯುವ ಮಾಲ್ಟ್) 64ರಲ್ಲಿದ್ದರೆ ತೆಳು ಬಿಯರ್, 69ರಲ್ಲಿದ್ದರೆ ಮೈಕಟ್ಟಿನದು, ಹಾಗಾಗಿ ಕದಡಿ ಮೂರು ಕಡೆ ಅಳೆಯಲು ಕೈಯಲ್ಲಿ ಹಿಡಿಯುವ ಡಿಜಿಟಲ್ ಥರ್ಮಾಮೀಟರ್ ಬೇಕು. ಮಾಲ್ಟ್ ಒಡೆಯುವ ಮಿಲ್ಲು ಕೊಂಡರೆ ರೋಲರ್ ಅಂತರ 1 ಮಿಲಿಮೀಟರಿನಿಂದ ಶುರುಮಾಡಿ, ಚೀಲಕ್ಕೆ 0.8ರವರೆಗೂ ಇಳಿಸಬಹುದು. ಅದುರಿ ಅದುರಿ ಸ್ಕ್ರೂ ಸಡಿಲವಾಗಿ ಅಂತರ ಹಿಗ್ಗುತ್ತದೆ. ಗ್ರ್ಯಾವಿಟಿ ಇದ್ದಕ್ಕಿದ್ದಂತೆ ಕಡಿಮೆ ಬರತೊಡಗಿದರೆ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ಅದನ್ನೇ ಮೊದಲು ನೋಡಿ.

ಪಿಎಚ್ ಮೀಟರ್ ಆರೈಕೆ ಕೇಳುವ ವಸ್ತು. ಎಲೆಕ್ಟ್ರೋಡನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡದೆ ಒಣಗಿಸಿದರೆ ಅಥವಾ ಡಿಸ್ಟಿಲ್ಡ್ ನೀರಿನಲ್ಲಿ ಬಿಟ್ಟರೆ ಬೇಗ ಕೆಡುತ್ತದೆ. ಆ ಶಿಸ್ತು ಇಲ್ಲದವರಿಗೆ ಬೇಡ.

ಬಾಟಲಿ ತೊಳೆದು ಬೇಸತ್ತವರಿಗೆ 19 ಲೀಟರಿನ ಕಾರ್ನೇಲಿಯಸ್ ಕೆಗ್ (ಒತ್ತಡ ತಡೆಯುವ ಸ್ಟೀಲ್ ಪೀಪಾಯಿ) ನಿಜವಾದ ಬಿಡುಗಡೆ. 4 ಡಿಗ್ರಿಯಲ್ಲಿ ಸಿಲಿಂಡರಿನ ಇಂಗಾಲದ ಡೈಆಕ್ಸೈಡನ್ನು 12 ಪಿಎಸ್ಐ ಒತ್ತಡದಲ್ಲಿ ಇಟ್ಟರೆ ಒಂದೆರಡು ವಾರದಲ್ಲಿ ಗ್ಯಾಸು ಹದಕ್ಕೆ ಬರುತ್ತದೆ. ಲೋಟದ ತುಂಬ ನೊರೆ ಬಂದರೆ ಒತ್ತಡ ಇಳಿಸುವ ಮುಂಚೆ ಪೈಪಿನ ಉದ್ದ ನೋಡಿ: 5 ಮಿಲಿಮೀಟರ್ ಒಳವ್ಯಾಸದ್ದು ಮೂರು ಮೀಟರ್ ಇರಬೇಕು. ಸೋರಿಕೆಯ ಪರೀಕ್ಷೆಯನ್ನು ಖಾಲಿ ಕೆಗ್ಗಿನಲ್ಲೇ ಮಾಡಬೇಕು, ತುಂಬಿದ ಕೆಗ್ಗಿನಲ್ಲಿ ಬಿಯರ್ ಗ್ಯಾಸು ಹೀರಿ ಒತ್ತಡ ಇಳಿದದ್ದೂ ಸೋರಿಕೆಯಂತೆ ಕಾಣುತ್ತದೆ. 30 ಪಿಎಸ್ಐ ಕೊಟ್ಟು ಮುಚ್ಚಳ ಕೂರಿಸಿ, ಸಿಲಿಂಡರ್ ಮುಚ್ಚಿ, ಎಲ್ಲ ಜೋಡಣೆಗೂ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದ ಕಡೆಯ ಓ-ರಿಂಗ್ (ರಬ್ಬರ್ ಉಂಗುರ) ಬದಲಿಸಿ, ಆಹಾರಕ್ಕೆ ಬಳಸುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಓ-ರಿಂಗ್ ಪೂರ್ತಿ ಒಂದು ಜೊತೆ, ಒಂದು ನಲ್ಲಿ ವಾಷರ್, ಒಂದು ಏರ್‌ಲಾಕ್ ರಬ್ಬರ್ ಸದಾ ಕೈಗೆ ಸಿಗುವಂತಿರಲಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿಡಿ, ಮುಚ್ಚಿದ ಚಿಕ್ಕ ಕೋಣೆಯಲ್ಲಿ ಇಡಲೇಬೇಡಿ; ಸೋರಿದ ಇಂಗಾಲದ ಡೈಆಕ್ಸೈಡ್ ನೆಲಮಟ್ಟದಲ್ಲಿ ಶೇಖರವಾಗಿ ಉಸಿರು ಕಟ್ಟಿಸುತ್ತದೆ.