ಚಿತ್ರಕಥೆಗೆ ಕಾರ್ಡಾ, ಶೀಟಾ? ಎರಡು ಕಾಲಮ್ಮಾ, ಫೌಂಟನ್ನಾ?

ನಾನೀಗ ಬರೆಯುತ್ತಿರುವ ಚಿತ್ರಕಥೆ ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ನಡೆಯುವ ಕಥೆ. ಅರ್ಧ 1998ರಲ್ಲಿ, ಅರ್ಧ 2018ರಲ್ಲಿ. ಇದರ ಟೈಮ್‌ಲೈನ್ ಹಾಕಲು ಮೊದಲು ಗೋಡೆಗೆ ಸೀನಿಗೊಂದರಂತೆ ಕಾರ್ಡ್ ಅಂಟಿಸಿದೆ, ಆಮೇಲೆ ಗೂಗಲ್ ಶೀಟ್ಸ್‌ನಲ್ಲಿ ಮಾಡಿ ನೋಡಿದೆ.

ಕಥೆಯ ಓಟ ನೋಡಲು ಕಾರ್ಡೇ ಸರಿ. 1998ಕ್ಕೆ ಹಳದಿ, 2018ಕ್ಕೆ ನೀಲಿ. ಐದಾರು ಹಳದಿ ಸಾಲಾಗಿ ಬಂದರೆ ಫ್ಲ್ಯಾಶ್‌ಬ್ಯಾಕ್ ಎಳೆಯುತ್ತಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಆದರೆ ಕಾರ್ಡ್ ಇರುವುದು ತೆರೆಯ ಮೇಲೆ ಬರುವ ಕ್ರಮದಲ್ಲಿ. ಕಥೆಯೊಳಗಿನ ದಿನ ಅಲ್ಲಿ ಕಾಣುವುದಿಲ್ಲ.

ಶೀಟ್‌ನಲ್ಲಿ ಸೀನ್ ನಂಬರ್, ಕಥೆಯ ದಿನಾಂಕ, ಹಗಲು-ರಾತ್ರಿ, ಪಾತ್ರದ ವಯಸ್ಸು ಬರೆದೆ. ಜೊತೆಗೆ ಮಳೆಗೂ ಒಂದು ಕಾಲಂ. ಮಲೆನಾಡಿನ ಕಥೆಗೆ ಅದು ಬೇಕೇ ಬೇಕು. ಮಗಳು ಊರಿಗೆ ಬರುವುದು ಆರಿದ್ರಾ ಮಳೆಯಲ್ಲಿ, ಅಂದರೆ ಜೂನ್ ಕೊನೆಗೆ. ನಾಲ್ಕು ದಿನ ಬಿಟ್ಟು ಅಂಗಳದಲ್ಲಿ ಅಡಿಕೆ ಒಣಗಿಸುವ ಸೀನ್ ಇಟ್ಟರೆ ಯಾರು ಒಪ್ಪುತ್ತಾರೆ? ಕೊಯ್ಲು ಶುರುವಾಗುವುದೇ ಮಳೆಗಾಲ ಕಳೆದ ಮೇಲೆ. ದಿನಾಂಕದ ಪ್ರಕಾರ ಸಾರ್ಟ್ ಮಾಡಿದರೆ ಇಂಥವೆಲ್ಲ ಪಕ್ಕಪಕ್ಕ ಬಂದು ಕೂರುತ್ತವೆ. ಹಾಗಾಗಿ ಎರಡು ಕಾಲದ ಕಥೆಗೆ ನನ್ನ ಓಟು ಶೀಟ್‌ಗೆ.

ಇನ್ನು ಫಾರ್ಮ್ಯಾಟ್. ನಮ್ಮ ಹಳೇ ರೂಢಿ ಎರಡು ಕಾಲಂ: ಎಡಕ್ಕೆ ದೃಶ್ಯ, ಬಲಕ್ಕೆ ಮಾತು. ವರ್ಡ್‌ನಲ್ಲಿ ಟೇಬಲ್ ಹಾಕಿದರೆ ಆಯ್ತು. ನಟರಿಗೆ ಓದಲು ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಸೀನ್‌ಗಳನ್ನು ಹಿಂದೆ ಮುಂದೆ ಮಾಡುವಾಗ ಟೇಬಲ್ ಸಾಲು ಎತ್ತಿಡುವುದು ದೊಡ್ಡ ತಲೆನೋವು.

ಫೌಂಟನ್ ಅಂದರೆ ಕೆಲವು ಚಿಹ್ನೆ ಹಾಕಿ ಚಿತ್ರಕಥೆ ಬರೆಯುವ ಒಂದು ವಿಧಾನ, ಬರೀ ಟೆಕ್ಸ್ಟ್ ಫೈಲ್. ಮೊಬೈಲ್‌ನಲ್ಲೂ ಬರೆಯಬಹುದು, ಸೀನ್ ಕತ್ತರಿಸಿ ಬೇರೆಡೆ ಅಂಟಿಸಬಹುದು. ಒಂದೇ ತೊಡಕು: ಪಾತ್ರದ ಹೆಸರನ್ನು ಅದು ಗುರುತಿಸುವುದು ಇಂಗ್ಲಿಷಿನ ದೊಡ್ಡಕ್ಷರದಿಂದ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ಅದಕ್ಕೆ ಹೆಸರಿನ ಮುಂದೆ @ ಹಾಕಬೇಕು, ಸೀನ್ ಹೆಡಿಂಗ್ ಮುಂದೆ ಒಂದು ಚುಕ್ಕೆ:

.ಒಳಗೆ - ಅಡುಗೆಮನೆ - ರಾತ್ರಿ

@ಸಾವಿತ್ರಿ
ಕೈಕಾಲು ತೊಳ್ಕೊಂಡು ಬಾ, ಬಡಿಸ್ತೀನಿ.

ಇಷ್ಟು ಮಾಡಿದರೆ ಮಾತು ತಾನಾಗಿ ಪುಟದ ನಡುವೆ ಕೂರುತ್ತದೆ.

ಎರಡರಲ್ಲೂ 'ಒಂದು ಪುಟಕ್ಕೆ ಒಂದು ನಿಮಿಷ' ಅನ್ನುವ ಲೆಕ್ಕ ನಂಬಬೇಡಿ. ಅದು 12 ಪಾಯಿಂಟ್ ಕುರಿಯರ್ ಫಾಂಟಿನ ಇಂಗ್ಲಿಷ್ ಪುಟದ ಲೆಕ್ಕ. ನಮ್ಮ ಒತ್ತಕ್ಷರಗಳಿಗೆ ಸಾಲಿನ ನಡುವೆ ಜಾಸ್ತಿ ಜಾಗ ಬೇಕು, ಅಲ್ವಾ? ಸೀನನ್ನು ಗಟ್ಟಿಯಾಗಿ ಓದಿ, ಬಂದ ನಿಮಿಷವನ್ನು ಶೀಟ್‌ನಲ್ಲೇ ಬರೆದಿಡುತ್ತೇನೆ.

ಈಗ ನಾನು ಡ್ರಾಫ್ಟ್ ಬರೆಯುವುದು ಫೌಂಟನ್‌ನಲ್ಲಿ. ಕಥೆ ಗಟ್ಟಿಯಾದ ಮೇಲೆ ನಟರಿಗಾಗಿ ಎರಡು ಕಾಲಂ ಪ್ರತಿ ಮಾಡುತ್ತೇನೆ. ನುಡಿ, ಬರಹ ತಂತ್ರಾಂಶ ಬಳಸುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ಫಾಂಟಿನ ಅಕ್ಷರ ಟೆಕ್ಸ್ಟ್ ಫೈಲಿಗೆ ಬಂದರೆ ಪೂರ್ತಿ ಗಜಿಬಿಜಿ ಆಗುತ್ತದೆ.