ಕಬ್ಬಿಣದ ಹರಳು, ವೋಡ್ಕಾ, ಪಾಚಿ: ನನ್ನ ರೀಫ್ ಟ್ಯಾಂಕಿಗೆ ಯಾವುದು ಒಗ್ಗಿತು?

ನನ್ನದು 200 ಲೀಟರಿನ ರೀಫ್ ಟ್ಯಾಂಕ್, ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿ. ಕೈ ಧಾರಾಳ, ಮೀನಿಗೆ ಜಾಸ್ತಿಯೇ ಹಾಕುತ್ತೇನೆ. ಅದರ ಫಲ ಒಂದು ದಿನ ಟೆಸ್ಟ್ ಕಿಟ್‌ನಲ್ಲಿ ಕಂಡಿತು: ನೈಟ್ರೇಟ್ 40 ಪಿಪಿಎಂ, ಫಾಸ್ಫೇಟ್ 0.25. ಕಲ್ಲಿನ ಮೇಲೆಲ್ಲ ಕೂದಲಿನಂಥ ಪಾಚಿ. ನೀಲಿಯಾಗಿದ್ದ ಆಕ್ರೊಪೊರಾ ಹವಳ ಕಂದು ಬಣ್ಣಕ್ಕೆ ತಿರುಗಿತ್ತು. ನೈಟ್ರೇಟ್, ಫಾಸ್ಫೇಟ್ ಎಂಬ ಈ ಗೊಬ್ಬರ ಜಾಸ್ತಿಯಾದರೆ ಹವಳದ ಮೈಯೊಳಗಿನ ಪಾಚಿಯೂ ಹೆಚ್ಚುತ್ತದೆ, ಬಣ್ಣವನ್ನು ಮುಚ್ಚಿಬಿಡುತ್ತದೆ.

ಮೊದಲು ಜಿಎಫ್‌ಒ ತಂದೆ, ಅಂದರೆ ಕಬ್ಬಿಣದ ಆಕ್ಸೈಡಿನ ಹರಳು. ನೀರು ಅದರ ಮೂಲಕ ಹಾಯುವಾಗ ಫಾಸ್ಫೇಟ್ ಹರಳಿಗೆ ಅಂಟಿಕೊಳ್ಳುತ್ತದೆ. ಅರ್ಧ ಅಳತೆಯಿಂದ ಶುರು ಮಾಡಬೇಕಿತ್ತು. ನಾನು ಪೂರ್ತಿ ಹಾಕಿದೆ. ನಾಲ್ಕೇ ದಿನಕ್ಕೆ ಕಿಟ್ ಸೊನ್ನೆ ತೋರಿಸಿತು. ಖುಷಿಪಟ್ಟೆ, ಅಲ್ವಾ? ವಾರದೊಳಗೆ ಆಕ್ರೊಪೊರಾದ ತುದಿಗಳು ಸುಟ್ಟಂತೆ ಬಿಳಿಯಾದವು. ನನ್ನ ನೀರಿನ ಅಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ, 11 ಡಿಕೆಎಚ್ (ಅದರ ಅಳತೆ) ಇತ್ತು. ಅಷ್ಟು ಅಲ್ಕಲಿನಿಟಿ ಇರುವಾಗ ಫಾಸ್ಫೇಟ್ ಒಮ್ಮೆಗೇ ಬಿದ್ದರೆ ಹವಳ ತಡೆದುಕೊಳ್ಳುವುದಿಲ್ಲ. ಆಮೇಲೆ ಮರಳಿನ ಮೇಲೆ ಗುಳ್ಳೆ ಸಿಕ್ಕಿಸಿಕೊಂಡ ಕಂದು ಲೋಳೆ ಬಂತು. ಅದು ಡೈನೋ, ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ಫಾಸ್ಫೇಟ್ ಇಲ್ಲವೇ ನೈಟ್ರೇಟ್ ತಳ ಮುಟ್ಟಿದ ಟ್ಯಾಂಕಿನಲ್ಲಿ ಅದು ತಳವೂರುವುದು ಸಾಮಾನ್ಯ. ನೈಟ್ರೇಟ್ ಮಾತ್ರ ಇದ್ದಲ್ಲೇ ಇತ್ತು, ಜಿಎಫ್‌ಒ ಅದನ್ನು ಮುಟ್ಟುವುದೇ ಇಲ್ಲ. ಹರಳು ತುಂಬಿದ ಮೇಲೆ ಫಾಸ್ಫೇಟ್ ಕೂಡ ವಾಪಸ್ ಬಂತು. ಕಲ್ಲುಗಳು ವರ್ಷಗಟ್ಟಲೆ ಹೀರಿಟ್ಟುಕೊಂಡದ್ದನ್ನು ನಿಧಾನಕ್ಕೆ ಬಿಡುತ್ತಿದ್ದವು.

ಎರಡನೆಯದು ವೋಡ್ಕಾ. ಹೌದು, ಕುಡಿಯುವುದೇ. ಯಾವ ಪರಿಮಳವನ್ನೂ ಸೇರಿಸದ್ದು. ಅದರ ಇಂಗಾಲ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆಳೆಯುವಾಗ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಎಳೆದುಕೊಳ್ಳುತ್ತವೆ. ಆ ಬ್ಯಾಕ್ಟೀರಿಯಾವನ್ನು ಪ್ರೋಟೀನ್ ಸ್ಕಿಮ್ಮರ್ (ನೀರಲ್ಲಿ ಗುಳ್ಳೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ನೊರೆಯಾಗಿ ಹೊರಹಾಕುತ್ತದೆ. ದಿನಕ್ಕೆ 0.2 ಮಿಲಿಯಿಂದ ಶುರು ಮಾಡಿ ವಾರವಾರ ಚೂರುಚೂರೇ ಏರಿಸಿದೆ. ಎರಡು ತಿಂಗಳಲ್ಲಿ ನೈಟ್ರೇಟ್ 8ಕ್ಕೆ ಇಳಿಯಿತು. ಇದು ನಿಜಕ್ಕೂ ಕೆಲಸ ಮಾಡುತ್ತದೆ. ಫಾಸ್ಫೇಟ್ ಮಾತ್ರ ಸ್ವಲ್ಪವೇ ಕಮ್ಮಿಯಾಯಿತು. ಬ್ಯಾಕ್ಟೀರಿಯಾಕ್ಕೆ ನೈಟ್ರೇಟಿನ ಸಾರಜನಕ ಬೇಕಾದಷ್ಟು ಫಾಸ್ಫೇಟಿನ ರಂಜಕ ಬೇಡವಲ್ಲ. ಒಂದು ಸಲ ಹಾಕಿದ್ದು ಮರೆತು ಮತ್ತೆ ಹಾಕಿದೆ, ಅದೂ ಅಳತೆ ಮೀರಿ. ಬೆಳಿಗ್ಗೆ ನೀರು ಹಾಲಿನಂತೆ ಬೆಳ್ಳಗೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಆಮ್ಲಜನಕವೆಲ್ಲ ಬ್ಯಾಕ್ಟೀರಿಯಾದ ಪಾಲಾಗಿತ್ತು. ಏರ್ ಪಂಪ್ ಹಾಕಿ ಉಳಿಸಿಕೊಂಡೆ. ಒಳ್ಳೆಯ ಸ್ಕಿಮ್ಮರ್ ಇಲ್ಲದವರು, ಮರೆಗುಳಿಗಳು ಇದರ ತಂಟೆಗೆ ಹೋಗಬೇಡಿ. ನಾನು ಎರಡನೇ ಗುಂಪಿನವನು.

ಕೊನೆಗೆ ಕೀಟೋ, ಸ್ಟೀಲ್ ಉಜ್ಜುವ ನಾರಿನ ಉಂಡೆಯಂಥ ಹಸಿರು ಪಾಚಿ. ಮುಷ್ಟಿಯಷ್ಟನ್ನು ಟ್ಯಾಂಕಿನ ಕೆಳಗಿನ ಚಿಕ್ಕ ತೊಟ್ಟಿಯಾದ ಸಂಪ್‌ನಲ್ಲಿ ಬಿಟ್ಟು, ಮೇಲಿನ ಟ್ಯಾಂಕಿನ ಲೈಟ್ ಆರಿದಾಗ ಇದರ ಲೈಟ್ ಉರಿಯುವಂತೆ ಟೈಮರ್ ಇಟ್ಟೆ. ಮೂರು ವಾರ ಸುಮ್ನೆ ಕೂತಿತ್ತು, ದುಡ್ಡು ದಂಡ ಅಂದುಕೊಂಡೆ. ಆಮೇಲೆ ಎರಡು ವಾರಕ್ಕೊಮ್ಮೆ ಅರ್ಧ ಕಿತ್ತು ಬಿಸಾಡುವಷ್ಟು ಬೆಳೆಯಿತು. ಕಿತ್ತದ್ದರ ಜೊತೆಗೇ ನೈಟ್ರೇಟ್, ಫಾಸ್ಫೇಟ್ ಎರಡೂ ಹೊರಗೆ. ರಾತ್ರಿ 7.8ಕ್ಕೆ ಬೀಳುತ್ತಿದ್ದ ಪಿಎಚ್ ಈಗ 8ರ ಹತ್ತಿರ ನಿಲ್ಲುತ್ತದೆ. ಒಮ್ಮೆ ನೈಟ್ರೇಟ್ ತೀರಾ ಕಮ್ಮಿಯಾಗಿ ಕೀಟೋ ಬಿಳಿಚಿ ಪುಡಿಯಾಗತೊಡಗಿತು. ಮೀನಿಗೆ ಊಟ ಹೆಚ್ಚಿಸಿದೆ, ಚೇತರಿಸಿಕೊಂಡಿತು. ನನ್ನಂಥ ಕೈಯವನಿಗೆ ಇದಕ್ಕಿಂತ ಒಳ್ಳೆ ಜೊತೆ ಬೇಕೇ?

ಈಗ ಅಲ್ಕಲಿನಿಟಿ 8, ನೈಟ್ರೇಟ್ 8, ಫಾಸ್ಫೇಟ್ 0.06ರ ಆಸುಪಾಸು. ವೋಡ್ಕಾ ನಿಲ್ಲಿಸಿದ್ದೇನೆ. ಜಿಎಫ್‌ಒ ಡಬ್ಬಿ ಇಟ್ಟುಕೊಂಡಿದ್ದೇನೆ, ಫಾಸ್ಫೇಟ್ 0.15 ದಾಟಿದರೆ ಮಾತ್ರ ಒಂದು ಚಮಚ. ಆಕ್ರೊಪೊರಾದ ಸುಟ್ಟ ತುದಿಗಳಲ್ಲಿ ಮೂರು ಮತ್ತೆ ನೀಲಿಯಾಗಿವೆ. ಉಳಿದ ಎರಡನ್ನು ಹಾಳು ಪಾಚಿ ಹತ್ತಿಕೊಂಡಿದೆ, ಅವನ್ನು ಮುರಿದು ತೆಗೆಯಬೇಕು.